ವಜ್ರದ ಅಳಿಯಂದಿರೂ ನನ್ನ ಬೀಸುವ ಕಲ್ಲೂ

ನಮ್ಮ ಅಳಿಯಂದಿರು ದಿನಾ ಮನೆಗೆ ವಜ್ರ ತರುತ್ತಾರೆ. ನಿಜವಾಗಿಯೂ! ಅಂಗಿಯ ತೋಳಿಗೆ ಮೆತ್ತಿಕೊಂಡು. ನೋಡಲು ಒಲೆಯ ಬೂದಿ. ನನ್ನ ಮಗಳ ಮೂಗುಬೊಟ್ಟಿನಲ್ಲಿ ಮಾತ್ರ ಇವತ್ತಿಗೂ ಬಿಳಿ ಕಲ್ಲೇ!

ಇಲ್ಲಿ ಗುಜರಾತಿನ ಮಕರಪುರದ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಸೂರತ್‌ನಿಂದ ಬಂದ ವಜ್ರದ ಪುಡಿಗೆ ಲೋಹದ ಪುಡಿ ಬೆರೆಸಿ, ಅಚ್ಚಿಗೆ ತುಂಬಿ, ಕಾಯಿಸುತ್ತಲೇ ಅದುಮಿ, ಕಲ್ಲು ಕೊಯ್ಯುವ ಬಿಲ್ಲೆ ಮಾಡುವುದು. ಶಾಖ ಕಡಿಮೆಯಾದರೆ ಪುಡಿ ಉದುರುತ್ತದಂತೆ, ಹೆಚ್ಚಾದರೆ ವಜ್ರ ಹೋಗಿ ಪೆನ್ಸಿಲ್ ಕಡ್ಡಿಯ ಮಸಿ! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೇ ಬಾಯಿಪಾಠ ಆಗಿದೆ ಅಂದರೆ ಊಟದ ಹೊತ್ತಿಗೆ ಎಷ್ಟು ಕೊರೆದಿರಬೇಡ?

ಒಮ್ಮೆ ನಾನು ತಂಬಿಟ್ಟು ಕಟ್ಟುತ್ತಿದ್ದೆ. ಕೈಯಲ್ಲಿ ಒತ್ತಿದರೆ ಒಳಗೆ ಗಾಳಿ ಉಳಿಯುತ್ತದೆ ಅಂತ ಅಳಿಯಂದಿರು ಕಾರಿನ ಜಾಕ್ ತಂದು ಒತ್ತಿಯೇಬಿಟ್ಟರು! ಮೇಲಿನ ಮನೆಯ ಗುಜರಾತಿ ಅಕ್ಕ ಒಂದು ಉಂಡೆ ತಗೊಂಡು ಹೋದರು. ಈಗಲೂ ಗಾಳಿಗೆ ಬಾಗಿಲು ಬಡಿಯದ ಹಾಗೆ ಅದನ್ನೇ ಅಡ್ಡ ಇಡುತ್ತಾರೆ.

ಉಂಡೆ ಗಟ್ಟಿಯಾಯಿತು, ಬಿಲ್ಲೆ ಆಗಲಿಲ್ಲ. ಅವರು ಮಾಡಲು ಹೊರಟದ್ದು ಹೊಸ ಬಗೆಯ ಬಿಲ್ಲೆ, ಪ್ರತಿ ಸಲ ಬಿರುಕು. ಇನ್ನೊಮ್ಮೆ ಒಡೆದರೆ ಈ ಹುಚ್ಚು ಸಾಕು ಅಂದುಬಿಟ್ಟರು ಕಾರ್ಖಾನೆಯ ಸೇಟು. ಅಳಿಯಂದಿರು ಊಟ ಬಿಟ್ಟರು. ನೀವು ಉಪವಾಸ ಇದ್ದರೆ ಬಿಲ್ಲೆ ಗಟ್ಟಿಯಾಗುತ್ತದಾ ಅಂತ ಬೈದೆ.

ಕಡೆಗೊಂದು ಭಾನುವಾರ ಬಿರುಕಿಲ್ಲದ ಬಿಲ್ಲೆ ಹಿಡಿದು ಕುಣಿಯುತ್ತಾ ಬಂದರು! ಸೇಟಿಗೆ ತೋರಿಸುವ ಮೊದಲು ಗಟ್ಟಿ ಕಲ್ಲಿನ ಮೇಲೆ ನೋಡಬೇಕಂತೆ. ಕಣ್ಣು ಬಿದ್ದದ್ದೆಲ್ಲಿ? ನನ್ನ ಬೀಸುವ ಕಲ್ಲಿನ ಮೇಲೆ!

ನನ್ನಮ್ಮ ಕೊಟ್ಟ ಕಲ್ಲು. ತುಮಕೂರಿನಿಂದ ರೈಲಿನಲ್ಲಿ ತಂದದ್ದು. ಸವೆದು ನುಣ್ಣಗಾಗಿ, ಹಾಕಿದ ರಾಗಿ ಹಾಗೇ ಆಚೆ ಬರುತ್ತಿತ್ತು. ಊರಲ್ಲಾದರೆ ಉಳಿ ಹಿಡಿದು ಕಲ್ಲು ಕುಟ್ಟಿ ಒರಟು ಮಾಡುವವರು ಬೀದಿಗೆ ಬರುತ್ತಿದ್ದರು. ಈ ಮಂಜಲ್‌ಪುರದಲ್ಲಿ ನಮ್ಮ ಮೂರನೇ ಮಹಡಿಗೆ ಯಾರು ಬರುತ್ತಾರೆ?

"ಕಲ್ಲು ಒಡೆದರೆ ನಿಮ್ಮ ತಲೆಯ ಮೇಲೇ ರಾಗಿ ಬೀಸ್ತೀನಿ" ಅಂದೆ.

ಬಾಲ್ಕನಿಯಲ್ಲಿ ಬಿಲ್ಲೆ ಸಿಕ್ಕಿಸಿದ ಕೈ ಮಿಷನ್ ಕಿರ್ರೆಂದಿತು. ನಾನು ದೇವರ ಮುಂದೆ ಕೂತೆ. ಸದ್ದು ನಿಂತ ಮೇಲೆ ಹೋಗಿ ನೋಡಿದರೆ ಕಲ್ಲಿನ ತುಂಬ ಹೊಸ ಗೀರು, ಬಿಲ್ಲೆ ಹೇಗಿತ್ತೋ ಹಾಗೇ! ರಾಗಿ ಹಾಕಿ ತಿರುಗಿಸಿದೆ. ಹಿಟ್ಟು ಸುರಿಯಿತು!

ಮಧ್ಯಾಹ್ನ ಮುದ್ದೆ. ಧಾರವಾಡದ ಮನುಷ್ಯ, ಮುದ್ದೆ ಅಂದರೆ ಮುಖ ಹಿಂಡುವವರು, ಸುಮ್ಮನೆ ನುಂಗಿದರು. ಬಿಲ್ಲೆ ಗೆದ್ದಿತಲ್ಲ, ಇನ್ನೂ ಯಾಕೆ ಆ ಕಲ್ಲನ್ನೇ ತಿರುಗಿ ತಿರುಗಿ ನೋಡುತ್ತೀರಿ ಅಂತ ಕೇಳಿದೆ.

"ಬಿಲ್ಲೆ ಒಡೆದಿದ್ರ ಸೇಟು ಬೈತಿದ್ರು, ಅಷ್ಟ. ನಿಮ್ಮ ಅವ್ವನ ಕಲ್ಲು ಒಡೆದಿದ್ರ ಎಲ್ಲಿಂದ ತರ್ಲಿ, ಅತ್ತಿ?"

ಎರಡನೇ ಮುದ್ದೆ ಹಾಕಿ, ಕೈ ತಡೆಯದೆ ತುಪ್ಪ ಸುರಿದೆ.