ಸೋಲಲು ಹಾಕಿದ ಸಹಿ

ಹಳಿಯಾಳದ ಅಂದಾನೆಪ್ಪ ಒಂದೇ ಒಂದು ಸಹಿ ಹಾಕಿ ಕೆಟ್ಟ. ಕಾಡು ಕಾಯುವವರಿಗೆ ಕಂದೀಲು ಕೊಳ್ಳಲು ಅರಣ್ಯ ಕಚೇರಿಗೆ ಮೂರು ಟೆಂಡರ್ ಬೇಕಿತ್ತು. ವರ್ಷವರ್ಷವೂ ಕಂದೀಲು ಕೊಡುವವನು ಗುತ್ತಿಗೆದಾರ ಮಲಕಪ್ಪನೇ. ಉಳಿದಿಬ್ಬರು ಶಾಸ್ತ್ರಕ್ಕೆಂದು ಹೆಚ್ಚಿನ ದರ ಬರೆದು ಸೋಲಬೇಕು. ಸೈಕಲ್ ಅಂಗಡಿಯ ಮನ್ಸೂರ ಸೋಲುವುದರಲ್ಲಿ ಪಳಗಿದವನು. ಈ ಸಲ ಇನ್ನೊಬ್ಬನಾಗಿ ಸಿಕ್ಕಿದವನು ಚಹದಂಗಡಿಯ ಅಂದಾನೆಪ್ಪ. ಸಹಿ ಹಾಕದಿದ್ದರೆ ಕಚೇರಿಯ ಚಹ ಬೇರೆ ಅಂಗಡಿಗೆ ಹೋದೀತೆಂದು ಮಲಕಪ್ಪ ಮೆಲ್ಲಗೆ ಹೇಳಿದ್ದ. ಅಂದಾನೆಪ್ಪನ ಒಲೆ ಉರಿಯುತ್ತಿದ್ದುದೇ ಆ ಚಹದಿಂದ. ಓದದೆಯೇ ಸಹಿ ಹಾಕಿಬಿಟ್ಟ.

ಟೆಂಡರ್ ಒಡೆದ ದಿನ ಗುಮಾಸ್ತ ಅಡಿವೆಯ್ಯ ಅಂಗಡಿಗೆ ಬಂದು ಹೇಳಿದ: "ಅಂದಾನೆಪ್ಪ, ಕಂದೀಲು ನಿನಗ ಆತಪಾ."

ಚಹ ಸೋಸುವ ಬಟ್ಟೆ ಒಲೆಗೆ ಬಿತ್ತು. ಹೊಸ ಸಾಹೇಬರು ಬಲು ಪ್ರಾಮಾಣಿಕರಂತೆ. ಒಬ್ಬನೇ ಗೆಲ್ಲುತ್ತ ಬಂದದ್ದರಲ್ಲಿ ಏನೋ ಮಸಲತ್ತಿದೆಯೆಂದು ಮಲಕಪ್ಪನ ಹೆಸರು ಹೊಡೆದುಹಾಕಿ, ಉಳಿದಿಬ್ಬರಲ್ಲಿ ಕಡಿಮೆ ದರದವನನ್ನು ಆರಿಸಿದ್ದರು. ಸಂಜೆಯೊಳಗೆ ಕಂದೀಲು ಬಾರದಿದ್ದರೆ ಅಂದಾನೆಪ್ಪ ಕಚೇರಿಯ ಮೆಟ್ಟಿಲು ಹತ್ತುವಂತಿಲ್ಲ, ಚಹದ ಕಿಟ್ಲಿ ಹಿಡಿದುಕೊಂಡು ಕೂಡ.

ಹೆಂಡತಿ ಕಾಶೆವ್ವ ಅಡುಗೆಮನೆಯ ಕಂದೀಲನ್ನು ತಂದು ಮುಂದಿಟ್ಟಳು. ಸೈಕಲ್ ದೀಪ ಕೊಟ್ಟರೂ ನಡೆದೀತೆಂದು ಮನ್ಸೂರ ಅನುಭವದ ಮಾತು ಹೇಳಿದ. ಓಣಿಯವರೆಲ್ಲ ಕೇಳದೆಯೇ ತಂತಮ್ಮ ಮನೆಯ ಕಂದೀಲು ತಂದು ಸುರಿದರು. ಗಾಜು ಒಡೆದು ಮಸಿ ಹಿಡಿದ ಅವು ಕಟ್ಟೆಯ ಮೇಲೆ ಆಸ್ಪತ್ರೆಯ ರೋಗಿಗಳಂತೆ ಸಾಲಾಗಿ ಕೂತವು. ಕೊನೆಗೆ ಅಂದಾನೆಪ್ಪ ಮಲಕಪ್ಪನ ಗೋದಾಮಿಗೇ ಓಡಿದ.

ಮಲಕಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಯಾಕ ಗಾಬರಿ? ಕಂದೀಲು ನನ್ನ ಕಡೆ ಅದಾವ. ನೀ ಬರದ ದರಕ್ಕನ ಒಯ್ಯಿ."

ಅದು ಮಲಕಪ್ಪನ ದರಕ್ಕಿಂತ ಹೆಚ್ಚಿನ ದರ. ಅಂದಾನೆಪ್ಪನಿಗೆ ಉಳಿದದ್ದು ಚಕ್ಕಡಿಯ ಬಾಡಿಗೆ ಕೊಡುವ ಕೆಲಸ.

ಸಂಜೆ ಸಾಹೇಬರು ಕಂದೀಲುಗಳನ್ನು ನೋಡಿ ಬಹಳ ಸಂತೋಷಪಟ್ಟರು. ನಿಜವಾದ ಸ್ಪರ್ಧೆ ನಡೆದರೆ ಹೀಗಿರುತ್ತದೆ ನೋಡಿ ಎಂದು ಅಡಿವೆಯ್ಯನಿಗೂ ತೋರಿಸಿದರು. ಚಹ ಉಳಿಯಿತೆಂದು ಅಂದಾನೆಪ್ಪನ ಜೀವ ತಣ್ಣಗಾಯಿತು. ಅಷ್ಟರಲ್ಲಿ ಸಾಹೇಬರೆಂದರು: "ಒಬ್ಬರಿಗೇ ಎರಡು ಗುತ್ತಿಗೆ ನ್ಯಾಯವಲ್ಲ. ಚಹ ಇನ್ನು ಮಲಕಪ್ಪನಿಗೆ. ಪಾಪ, ಕಂದೀಲು ಕಳೆದುಕೊಂಡಿದ್ದಾನೆ."

ಸಾಹೇಬರಿಗೆ ನಿಜ ಹೇಳಿದರೆ ಸೋಲಲು ಹಾಕಿದ ಸಹಿಯ ಕತೆಯನ್ನೂ ಹೇಳಬೇಕಾಗುತ್ತಿತ್ತು. ಅಂದಾನೆಪ್ಪ ಕೈಮುಗಿದು ಹೊರಗೆ ಬಂದ. ಗೇಟಿನ ಬಳಿ ಮಲಕಪ್ಪ ಕಾಯುತ್ತ ನಿಂತಿದ್ದ.

"ಚಹಾ ಮಾಡಾಕ ನನಗೆಲ್ಲಿ ಬರ್ತೈತಿ? ನಾಳಿಂದ ನೀನ ಮಾಡಿ ಕೊಡು, ಅರ್ಧಾ ದರಕ್ಕ," ಎಂದು ಹೇಳಿ ಕಿಸೆಯಿಂದ ಕಾಗದವೊಂದನ್ನು ತೆಗೆದ. "ಹಂಗ ಇಲ್ಲೊಂದು ಸಹಿ ಮಾಡು. ಚಹಾಕ್ಕೂ ಮೂರು ಟೆಂಡರ್ ಬೇಕಂತ. ನಿನಗ ಎರಡು ಗೆಲ್ಲಾಕ ಬರೂದಿಲ್ಲ, ಸೋಲಾಕ ಅಡ್ಡಿಯಿಲ್ಲ."

ಅಂದಾನೆಪ್ಪ ಈ ಸಲ ಪೂರ್ತಿ ಓದಿ ಸಹಿ ಹಾಕಿದ.