ನೂರ ಮೂರು ಡಿಗ್ರಿಯ ಪೆಟ್ಟಿಗೆ

ಎಲ್ಲ ರಗಳೆಗೂ ಮೂಲ ಮುಂಬಯಿಯ ಒಂದು ಕ್ಯಾಟಲಾಗು. ಶಿರಸಿ–ಯಲ್ಲಾಪುರ ಮೋಟಾರಿನ ಸೀಟಿನ ಮೇಲೆ ಯಾರೋ ಅದನ್ನು ಮರೆತು ಹೋಗಿದ್ದರು. ಡ್ರೈವರ್ ಖಾಜಾ ಹುಸೇನ್ ಎತ್ತಿಕೊಂಡ. ಕೋಳಿಯ ಹಂಗಿಲ್ಲದೆ ಮೊಟ್ಟೆಗೆ ಕಾವು ಕೊಡುವ ಮೂರು ಬಗೆಯ ಪೆಟ್ಟಿಗೆಗಳ ಚಿತ್ರ ಅದರಲ್ಲಿತ್ತು. ಯಾವುದನ್ನು ತರಿಸಲಿ ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಆದರೂ ಓಣಿಯೆಲ್ಲ ಹೇಳಿತು. ಎದುರುಮನೆಯ ಗಾಡಿ ಹೊಡೆಯುವ ಚೌಡ ನೂರು ಮೊಟ್ಟೆಯದ್ದೇ ಸರಿ ಎಂದ. ಪಕ್ಕದ ಮನೆಯ ಮುದುಕಿ ಖುರ್ಷಿದಾ, ಓಣಿಗೆಲ್ಲ ಚಿಕ್ಕಮ್ಮನಂಥ ಖಾಲಾ, ಬಿಸಿನೀರು ತುಂಬುವ ಪೆಟ್ಟಿಗೆಯಾದರೆ ಕೆಟ್ಟ ಮೇಲೆ ಸ್ನಾನಕ್ಕಾದರೂ ಆದೀತು ಎಂದಳು. ಹೆಂಡತಿ ರಹೀಮಾ ಹಿತ್ತಲಿನ ಕಪ್ಪು ಕೋಳಿಯನ್ನು ತೋರಿಸಿ, "ಇದು ಚಿಮಣಿ ಎಣ್ಣೆ ಕೇಳೂದಿಲ್ಲ" ಎಂದಳು.

ಖಾಜಾನಿಗೆ ರೇಗಿತು. ಯಾರೂ ಹೇಳದ ಮೂರನೆಯದನ್ನೇ, ಎಲ್ಲಕ್ಕಿಂತ ಚಿಕ್ಕದನ್ನೇ ಆರಿಸಿ ತರಿಸಿದ. ಹನ್ನೆರಡು ಮೊಟ್ಟೆಗೆ ಜಾಗ, ಕೆಳಗೊಂದು ಚಿಮಣಿ ಎಣ್ಣೆಯ ದೀಪ, ಹೊರಗೆ ಕಾಣುವಂತೆ ಥರ್ಮಾಮೀಟರು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಮೋಟಾರ್ ಸ್ಟ್ಯಾಂಡಿನಲ್ಲಿ ಚೌಡ ಕಿಸಕ್ಕನೆ ನಕ್ಕಿದ್ದೇ ತಡ, "ಇಪ್ಪತ್ತೊಂದನೇ ದಿನ ಮರಿ ಬರದಿದ್ರೆ ಆ ಕಪ್ಪು ಕೋಳಿನ ತಲೆ ಮೇಲೆ ಹೊತ್ಕೊಂಡು ಪೇಟೆ ಸುತ್ತು ಹಾಕ್ತೀನಿ!" ಎಂದು ಎಲ್ಲರೆದುರು ಆಣೆ ಇಟ್ಟುಬಿಟ್ಟ.

ಅಂದಿನಿಂದ ದಿನಾ ಬೆಳಿಗ್ಗೆ ಥರ್ಮಾಮೀಟರು ನೋಡುವುದು ಖಾಜಾನ ಕೆಲಸವಾಯಿತು. ನೂರ ಮೂರು ಡಿಗ್ರಿ ಕಂಡರೆ ಮೀಸೆ ತಿರುವಿ ಮೋಟಾರು ಹತ್ತುತ್ತಿದ್ದ. ಎಣ್ಣೆ ಹಾಕುವುದು, ಬತ್ತಿ ಕತ್ತರಿಸುವುದು, ಮುಚ್ಚಳ ತೆಗೆದು ಮೊಟ್ಟೆ ತಿರುವಿಡುವುದು ಇತ್ಯಾದಿ ಚಿಲ್ಲರೆ ಕೆಲಸಗಳೆಲ್ಲ ರಹೀಮಾಳಿಗೆ. ಅವಳು ಗೊಣಗದೆ ಮಾಡುತ್ತಿದ್ದಳು. ಊಟಕ್ಕೆ ದಿನಾ ಚೂರಿಯಲ್ಲಿ ಕೊಯ್ಯುವಂಥ ಗಟ್ಟಿ ಮೊಸರು ಬೇರೆ. ಹೆಂಡತಿಗೂ ಕೊನೆಗೆ ಬುದ್ಧಿ ಬಂತು ಎಂದುಕೊಂಡಿದ್ದ.

ಇವತ್ತು ಆ ಇಪ್ಪತ್ತೊಂದನೇ ದಿನ, ಶುಕ್ರವಾರ. ಜುಮ್ಮಾ ನಮಾಜು ಮುಗಿಸಿ ಬಂದರೆ ಓಣಿಯೆಲ್ಲ ಅವನ ಜಗಲಿಯ ಮೇಲೆ. ಚೌಡನ ಕೈಯಲ್ಲಿ ಹೊಸ ಹುಲ್ಲಿನ ಸಿಂಬೆ.

"ಕೋಳಿ ಹೊರೂದಂದ್ರೆ ತಲೆಗೆ ಸಿಂಬೆ ಬೇಡ್ವಾ ಸಾಬರೇ? ನಾನೇ ಸುತ್ತಿ ತಂದೆ."

"ಅದನ್ನ ನಿನ್ನ ತಲೆಗೇ ಇಟ್ಕೊ!"

ಖುರ್ಷಿದಾ ಖಾಲಾ ಪೆಟ್ಟಿಗೆಯ ಮೈ ಮುಟ್ಟಿ ನೋಡಿ ಲೊಚಗುಟ್ಟಿದಳು. "ಇನ್ನೂ ಜ್ವರ ಇಳೀಲಿಲ್ವಲ್ಲ ಖಾಜಾ ಇದಕ್ಕೆ?"

"ಪೆಟ್ಟಿಗೆಗೆ ಎಂತ ಜ್ವರ ಖಾಲಾ! ಅದು ಇರಬೇಕಾದ್ದೇ ನೂರ ಮೂರು."

ಖಾಜಾ ಅಲ್ಲಾನನ್ನು ನೆನೆದು ಮುಚ್ಚಳ ತೆಗೆದ. ಒಡೆದ ಚಿಪ್ಪುಗಳ ನಡುವೆ ಒಂಬತ್ತು ಮರಿಗಳು ಚಿಂವ್ ಚಿಂವ್ ಎಂದವು.

ಖಾಜಾ ಸಿಂಬೆ ಕಸಿದು ಚೌಡನ ತಲೆಗಿಟ್ಟ. ಜನ ಹೋ ಎಂದು ನಕ್ಕರು. ಆ ನಗು ಅವನ ನೆತ್ತಿಗೇರಿತು. "ನಿನ್ನ ಮೊಟ್ಟೆನೂ ತಾರೋ! ಮರಿ ಮಾಡಿ ಕೊಡ್ತೀನಿ. ಕೊಡದಿದ್ರೆ ಅದೇ ಆಣೆ, ಅದೇ ಕೋಳಿ, ಅದೇ ಪೇಟೆ!" ರಹೀಮಾ ಹಿಂದಿನಿಂದ ಅಂಗಿ ಜಗ್ಗಿದಳು. ಅವನು ಕೊಡವಿಕೊಂಡು, "ಇವತ್ತು ಎಲ್ಲರಿಗೂ ನಮ್ಮಲ್ಲೇ ಪಲಾವು!" ಎಂದು ಸಾರಿದ.

ರಹೀಮಾ ದೊಡ್ಡ ಪಾತ್ರೆ ಕೇಳಿ ತರಲು ಆಚೆ ಓಣಿಗೆ ಹೋದಳು. ಖಾಜಾ ಹಿತ್ತಲಿಗೆ ಹೋದ. ಕಪ್ಪು ಕೋಳಿ ಕಟ್ಟಿಗೆ ರಾಶಿಯ ಹಿಂದಿನಿಂದ ಬಂದು, ಲೊಕ್ ಲೊಕ್ ಎನ್ನುತ್ತ ಹುಚ್ಚು ಹಿಡಿದಂತೆ ಸುತ್ತುತ್ತಿತ್ತು. ಸೋತದ್ದಕ್ಕೆ ಎಷ್ಟು ಹೊಟ್ಟೆಯುರಿ ಎಂದುಕೊಂಡ. "ಇನ್ನು ಈ ಮನೇಲಿ ನಿನಗೆ ಕೆಲಸ ಇಲ್ಲ" ಎಂದು ಹೇಳಿ, ಬಿಸ್ಮಿಲ್ಲಾ ಎಂದು ಕೊಯ್ದೇ ಬಿಟ್ಟ.

ಪಾತ್ರೆ ಹೊತ್ತು ಬಂದ ರಹೀಮಾ ಪುಕ್ಕದ ರಾಶಿ ಕಂಡು ಪಾತ್ರೆ ಕೈಬಿಟ್ಟಳು.

"ಎಂತ ಮಾಡಿದ್ರಿ ಇದು! ಅದರ ಮರಿಗಳನ್ನ ಇನ್ನು ಯಾರು ನೋಡ್ತಾರೆ?"

"ಅದಕ್ಕೆಲ್ಲಿಯ ಮರಿ?"

ರಹೀಮಾ ಅವನ ರಟ್ಟೆ ಹಿಡಿದು ಕಟ್ಟಿಗೆ ರಾಶಿಯ ಹಿಂದಕ್ಕೆ ಎಳೆದೊಯ್ದಳು. ಅಲ್ಲಿ ಹುಲ್ಲಿನ ಗೂಡು. ಅದರಲ್ಲಿ ಒಡೆಯದೆ ಉಳಿದ ಮೂರು ಮೊಟ್ಟೆ.

"ಮೂರನೇ ದಿನ ನಾನು ನೀರಿಗೆ ಹೋದಾಗ ಖಾಲಾ ಬಂದಿದ್ರು. ನೂರ ಮೂರು ನೋಡಿ ಜ್ವರ ಅಂತ ದೀಪ ಆರಿಸಿ, ಪೆಟ್ಟಿಗೆಗೆ ಒದ್ದೆ ಬಟ್ಟೆ ಹಾಕಿ ಹೋದ್ರು. ನೀವು ಕೋಳಿ ಹೊತ್ಕೊಂಡು ಪೇಟೇಲಿ ಮೆರೆದ್ರೆ ನನಗೆ ತಲೆ ಎತ್ತಲಿಕ್ಕಾಗ್ತದಾ? ಮೊಟ್ಟೆ ಎಲ್ಲ ಇಲ್ಲಿ ತಂದು ಕಪ್ಪು ಕೋಳಿ ಕೆಳಗಿಟ್ಟೆ. ಇವತ್ತು ನೀವು ನಮಾಜಿಗೆ ಹೋದಾಗ ಮರಿ, ಚಿಪ್ಪು ಎಲ್ಲ ಪೆಟ್ಟಿಗೆಗೆ ಹಾಕಿದೆ." ಅವಳಿಗೆ ಅಳುವೇ ಬಂತು. ಹದಿನೆಂಟು ದಿನ ಗುಟ್ಟಿನಲ್ಲಿ ಮನೆಯ ಮಾನ ಕಾದ ಜೀವ ಆ ಕೋಳಿ.

"ಮತ್ತೆ ಇಷ್ಟು ದಿನ ದೀಪ ಉರೀತಿತ್ತಲ್ಲೇ! ಪೆಟ್ಟಿಗೆಯೊಳಗೆ ಎಂತ ಇತ್ತು?"

"ಹಾಲು. ಎಣ್ಣೆ ಸುಮ್ನೆ ಹಾಳಾಗ್ತದಲ್ಲ ಅಂತ ಹೆಪ್ಪು ಹಾಕಿ ಇಡ್ತಿದ್ದೆ. ದಿನಾ ಚಪ್ಪರಿಸಿ ತಿಂದದ್ದು ಯಾವ ಮೊಸರು ಅಂದ್ಕೊಂಡ್ರಿ?"

ಖಾಜಾ ಕಟ್ಟಿಗೆಯ ಮೇಲೆ ಕುಸಿದು ಕೂತ. ಅಷ್ಟರಲ್ಲಿ ಜಗಲಿಯಿಂದ ಚೌಡನ ಕೂಗು: "ಸಾಬರೇ, ಹನ್ನೆರಡು ಮೊಟ್ಟೆ ತಂದೆ! ಸಿಂಬೆನೂ ಇಲ್ಲೇ ಇಟ್ಟು ಹೋಗ್ತೆ. ಬೇಕಾಗ್ತದೆ."

"ಹೊತ್ಕೊಂಡು ತಿರುಗಲಿಕ್ಕೆ ಈಗ ಕೋಳಿಯಾದ್ರೂ ಎಲ್ಲದೆ?" ಎಂದಳು ರಹೀಮಾ, ಸೆರಗಿನಲ್ಲಿ ಕಣ್ಣೊರೆಸುತ್ತ.

ಖಾಜಾ ಎದ್ದ. ಅಂಗಿಗೆ ಅಂಟಿದ ಕಪ್ಪು ಪುಕ್ಕಗಳನ್ನು ಒಂದೊಂದಾಗಿ ಕಿತ್ತು ಎಸೆದು ಎದೆ ಸೆಟೆಸಿದ.

"ಬರೋ ಸಂತೇಲಿ ಕಾವಿಗೆ ಕೂರೋ ಒಳ್ಳೇ ಕೋಳಿ ತರ್ತೀನಿ. ಯಾರೂ ನನಗೆ ಹೇಳಿಕೊಡೋದು ಬೇಡ. ಆರಿಸೋದು ನನಗೆ ಗೊತ್ತದೆ."