ಮಂಚ ತಿರುಗಿಸಿದ ಮಾನದಂಡ

ನಿವೃತ್ತ ಮಾಸ್ತರನಿಗೆ ತಿದ್ದಲು ಪೇಪರುಗಳಿಲ್ಲದೇ ಹೋದರೆ ಲೋಕವನ್ನೇ ತಿದ್ದಲು ಹೊರಡುತ್ತಾನೆ. ನಾನು ಅಷ್ಟು ದೂರ ಹೋಗಲಿಲ್ಲ. ಬಾದಾಮಿಯ ನಮ್ಮ ಮನೆಯ ಮೇಲೆ ಪ್ರವಾಸಿಗರಿಗೆಂದು ಕಟ್ಟಿಸಿದ ಕೋಣೆಯನ್ನಷ್ಟೇ ಹಿಡಿದುಕೊಂಡೆ. ಇಳಕಲ್ಲಿನಿಂದ ಒಬ್ಬರು ಫೋನ್ ಮಾಡಿ, ಹೆಸರು ಹೇಳಿ, ತುಸು ತಡೆದು, "ನಾವು ಮುಸಲ್ಮಾನರು ರೀ. ನಮ್ಮ ಅವ್ವನೂ ಬರ್ತಾಳ. ನಡೀತದಲ್ರಿ?" ಎಂದರು. ನಡೆಯದೇ ಏನು! ಆದರೆ ನಮ್ಮದೇ ಜಿಲ್ಲೆಯವರು ಹೀಗೆ ಅಪ್ಪಣೆ ಕೇಳಬೇಕಾಯಿತಲ್ಲ ಎಂದು ನನಗೆ ಬಹಳ ನಾಚಿಕೆಯಾಯಿತು. ಇನ್ನು ಮುಂದೆ ಯಾರೂ ಹಾಗೆ ಕೇಳಬಾರದು, ಅದಕ್ಕೊಂದು ಮಾನದಂಡ ಹಾಕಿಯೇ ತೀರುತ್ತೇನೆಂದು ಪಣ ತೊಟ್ಟೆ.

ನಮ್ಮದು ಮಾಂಸವಿರಲಿ, ಉಳ್ಳಾಗಡ್ಡಿಯೂ ಕಾಣದ ಅಡಿಗೆಮನೆ, ಊಟದಲ್ಲಿ ಹಲಾಲಿನ ಚಿಂತೆ ಇರಲಿಲ್ಲ. ಬಚ್ಚಲಿಗೆ ತಂಬಿಗೆ ಬಂತು, ನಮಾಜಿಗೆ ಹೊಸ ಚಾಪೆ ಬಂತು. ಮಸೀದಿಗೆ ಹೋಗಿ, ನಮಾಜಿಗೆ ಮುಖ ಮಾಡುವ ಕಿಬ್ಲಾ ದಿಕ್ಕು ಕೇಳಿ ಬಂದು ಪಶ್ಚಿಮದ ಗೋಡೆಗೆ ಹಸಿರು ಬಾಣ ಬರೆದೆ. ಬಸ್ ಸ್ಟ್ಯಾಂಡಿಗೆ ಇದೇ ದಾರಿಯೆಂದು ಯಾರಾದರೂ ಗೋಡೆಗೆ ಹಾಯಬೇಕು, ಅಷ್ಟು ದಪ್ಪ. "ಪರೀಕ್ಷಾ ಅವರಿಗೋ ನಿಮಗೋ?" ಎಂದಳು ನನ್ನ ಹೆಂಡತಿ.

ಅವರು ಬಂದರು. ಅವರ ಅವ್ವ ಎಲ್ಲ ನೋಡಿ ಖುಷಿಪಟ್ಟು, ಮಂಚದ ಹತ್ತಿರ ನಿಂತುಬಿಟ್ಟರು.

"ಮಾಸ್ತರ್ರ, ಭಾಳ ಛಲೋ ಮಾಡೀರಿ. ಆದ್ರ ಮಲಗಿದ್ರ ಕಾಲು ಬಾಣದ ಕಡೆನ ಬರ್ತಾವಲ್ರಿ. ಕಿಬ್ಲಾದ ಕಡೆ ನಾವು ಕಾಲು ಚಾಚಂಗಿಲ್ರಿ."

ಪೂರ್ವಕ್ಕೆ ತಲೆಯಿಟ್ಟರೆ ವಿದ್ಯೆ ಬರುತ್ತದೆಂದು ನಮ್ಮ ಮನೆಯ ಮಂಚಗಳೆಲ್ಲ ಹಾಗೇ ಇವೆ. ಕಾಲು ಎಲ್ಲಿಗೆ ಹೋಗುತ್ತವೆಂದು ಇಷ್ಟು ವರ್ಷ ಯಾರು ನೋಡಿದ್ದರು?

"ಇರ್ಲಿ ಬಿಡ್ರಿ, ದಿಂಬು ಈ ಕಡೆ ಹಾಕ್ಕೊಂಡ್ರ ಮುಗೀತು," ಎಂದರು ಅವ್ವ.

ಸಾಧ್ಯವೇ ಇಲ್ಲ! ಬಂದವರೇ ಹೊಂದಿಕೊಳ್ಳುವುದಾದರೆ ನನ್ನ ಮಾನದಂಡ ಯಾತಕ್ಕೆ? ತಿರುಗಬೇಕಾದದ್ದು ಮಂಚ. ಉತ್ತರಕ್ಕೆ ತಲೆಯಿಡಲು ನನ್ನ ಹೆಂಡತಿ ಒಪ್ಪಲಿಲ್ಲ, ಪಶ್ಚಿಮಕ್ಕೆ ಕಾಲು ಚಾಚಲು ಅವರು ಒಪ್ಪುವಂತಿರಲಿಲ್ಲ. ದಕ್ಷಿಣಕ್ಕೆ ತಲೆಯೆಂದರೆ ಇಬ್ಬರೂ ಒಪ್ಪಿದರು. ಫೋನ್ ಮಾಡಿದ್ದ ಮಗ ಒಳಗಿನಿಂದ ಎಳೆದರು, ನಾನು ಬಾಗಿಲಲ್ಲಿ ನಿಂತು ದೂಡಿದೆ. ಮಂಚ ತಿರುಗಿತು. ನನಗೆ ಪ್ರಪಂಚವನ್ನೇ ತಿರುಗಿಸಿದಷ್ಟು ಹೆಮ್ಮೆ.

ಚಹಾ ತಂದ ನನ್ನ ಹೆಂಡತಿ ಸಲೀಸಾಗಿ ಒಳಗೆ ಹೋದಳು. "ಬರ್ರಿ ಮಾಸ್ತರ್ರ, ಒಳಗ ಬಂದು ಕೂಡ್ರಿ," ಎಂದು ಅವ್ವ ಕರೆದರು. ಬಾಗಿಲು ಈಗ ಮಂಚಕ್ಕೆ ತಾಗಿ ಅರ್ಧವೇ ತೆರೆಯುತ್ತಿತ್ತು. ಅಡ್ಡ ತಿರುಗಿ ನೋಡಿದೆ, ಉಸಿರು ಬಿಗಿಹಿಡಿದು ನೋಡಿದೆ, ಹೊಟ್ಟೆ ಒಪ್ಪಲಿಲ್ಲ.

"ಸಂಕೋಚ ಯಾಕ್ರಿ, ನಿಮ್ಮದ ಮನಿ ಅಂತ ತಿಳೀರಿ!" ಎಂದರು ಅವ್ವ, ಒಳಗಿನಿಂದ.